ಎಡಗೈ ಬಿಟ್ಟುಕೊಟ್ಟ ಗುಟ್ಟು

ಹೋದ ಚಳಿಗಾಲದಲ್ಲಿ ಅವನ ಹೆಂಡತಿಯಿಂದ ಒಂದು ಇಮೇಲ್ ಬಂತು. ಅವನಿಗೆ ಎದೆನೋವು ಬಂತು, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು ಎಂದು ಬರೆದಿದ್ದಳು. ಅವನನ್ನು ಬಲ್ಲವರು ಒಂದೊಂದು ನೆನಪು ಬರೆದು ಕಳಿಸಿದರೆ ಎಲ್ಲವನ್ನೂ ಸೇರಿಸಿ ಪುಸ್ತಕ ಕಟ್ಟಿಸಿ ಇಟ್ಟುಕೊಳ್ಳುತ್ತೇನೆ ಎಂದೂ ಕೇಳಿದ್ದಳು. ನಾನು ಇಂಗ್ಲಿಷಿನಲ್ಲಿ ಆರು ಸಾಲು ಬರೆದು ಕಳಿಸಿದೆ. ಕಷ್ಟಪಟ್ಟು ದುಡಿಯುವವನು, ಆಡಿದ ಮಾತಿಗೆ ತಪ್ಪದವನು, ನನ್ನ ಅಂಗಡಿಗೆ ಬಂದಾಗಲೆಲ್ಲ ನಗುನಗುತ್ತ ಬರುತ್ತಿದ್ದ ಎಂದು. ಮೊದಲ ಎರಡು ನಿಜ. ಮೂರನೆಯದು ಸುಳ್ಳು. ಅವನು ನಕ್ಕದ್ದನ್ನು ನಾನು ಕಂಡದ್ದು ಕೊನೆಯ ಭೇಟಿಯಲ್ಲಿ ಮಾತ್ರ. ಅದನ್ನು ಕಂಡು ನನಗೆ ಸಂತೋಷವಾಗಲಿಲ್ಲ.

ಕಳಿಸದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಯಾಕೆಂದರೆ ಈ ಕತೆಯಲ್ಲಿ ಪೆಟ್ಟು ತಿಂದವನು ಇನ್ನೂ ಬದುಕಿದ್ದಾನೆ. ತೀರಿಹೋದವನು ನನ್ನ ಜೊತೆ ಆಡಿದ್ದೆಲ್ಲ ಇಂಗ್ಲಿಷ್. ಆದರೆ ನಾನು ಹಾವೇರಿ ಕಡೆಯ ಬಂಕಾಪುರದವನು. ಯಾರು ಯಾವ ಭಾಷೆಯಲ್ಲಿ ಮಾತಾಡಿದರೂ ನನ್ನ ತಲೆಯಲ್ಲಿ ಉಳಿಯುವುದು ನಮ್ಮ ಕಡೆಯ ಮಾತಿನಲ್ಲೇ. ಹಾಗೇ ಬರೆಯುತ್ತೇನೆ.

ನಮ್ಮದು ಪಿಂಜಾರರ ಮನೆತನ. ಅಪ್ಪ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ದಬ್ಬಣ ಹಿಡಿಯುವುದನ್ನು ಅಕ್ಷರ ಕಲಿಯುವ ಮೊದಲೇ ಕಲಿತೆ. ಶಿಕಾಗೋಗೆ ಬಂದ ಮೇಲೆ ಹತ್ತಿಯ ಬದಲು ಚರ್ಮ ಕೈಗೆ ಬಂತು. ಅದರ ಪಕ್ಕದ ಸ್ಕೋಕಿಯಲ್ಲಿ ಬೂಟು, ಬ್ಯಾಗು, ಬೆಲ್ಟು ರಿಪೇರಿಯ ಸಣ್ಣ ಅಂಗಡಿ ಹಾಕಿದೆ. ತೊಂಬತ್ತೊಂಬತ್ತರ ಏಪ್ರಿಲ್ ತಿಂಗಳಲ್ಲಿ, ಹೊರಗೆ ಇನ್ನೂ ಚಳಿ ಬಿಡದಿದ್ದಾಗ, ಅವನು ಒಂದು ಬೇಸ್‌ಬಾಲ್ ಗ್ಲೌಸು ಹಿಡಿದುಕೊಂಡು ಒಳಗೆ ಬಂದ. ಎತ್ತರ, ತೆಳು ಮೈ, ಇಪ್ಪತ್ತಮೂರು ಇಪ್ಪತ್ನಾಲ್ಕರ ವಯಸ್ಸು. ನಾನು ಕೈಕುಲುಕಲು ಬಲಗೈ ಚಾಚಿದರೆ ಅವನು ಎಡಗೈ ಕೊಟ್ಟ.

“ತಪ್ಪ ತಿಳಕೋಬ್ಯಾಡ್ರಿ,” ಅಂದ. “ಈ ಕೈ ಯಾರಿಗೂ ಕೊಡೂದಿಲ್ಲ.”

ಆ ಬಲಗೈಯಿಂದ ಅವನು ಬಾಗಿಲು ತಳ್ಳುತ್ತಿರಲಿಲ್ಲ, ಚೀಲ ಎತ್ತುತ್ತಿರಲಿಲ್ಲ. ಜುಲೈ ತಿಂಗಳ ಧಗೆಯಲ್ಲೂ ಆ ತೋಳಿಗೆ ಮಾತ್ರ ಉಣ್ಣೆಯ ತೋಳು ಹಾಕಿಕೊಂಡಿರುತ್ತಿದ್ದ. ಅವನು ಪಿಚರ್ ಆಗಿದ್ದ, ಅಂದರೆ ಚೆಂಡು ಎಸೆಯುವವನು. ಬೇಸ್‌ಬಾಲ್ ತಿಳಿಯದವರಿಗೆ ಇಷ್ಟು ಹೇಳಿದರೆ ಸಾಕು. ಪಿಚರ್ ನಮ್ಮ ಬೌಲರ್ ಇದ್ದ ಹಾಗೆ, ಆದರೆ ಅವನ ಚೆಂಡು ನೆಲ ಮುಟ್ಟುವುದಿಲ್ಲ, ನೇರ ಬ್ಯಾಟಿನವನ ಎದುರಿಗೆ ಹೋಗುತ್ತದೆ. ಬ್ಯಾಟಿನವನ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತು ಆ ಚೆಂಡು ಹಿಡಿಯುವವನು ಕ್ಯಾಚರ್. ಮುಂದಿನದು ಯಾವ ಚೆಂಡು ಎಂದು ಬೆರಳಿನಲ್ಲಿ ಸನ್ನೆ ಕೊಡುವವನೂ ಅವನೇ. ಪಿಚರ್‌ನನ್ನು ಇಡೀ ಆಟ ಎದುರುಬದುರಾಗಿ ನೋಡುತ್ತ ಕೂರುವವನು ಅವನೊಬ್ಬ.

ನನ್ನ ಅಂಗಡಿಗೆ ಬರುವ ಹೊತ್ತಿಗೆ ಅವನು ಒಂದು ಸಲ ಏರಿ ಬಿದ್ದವನು. ಡೆಟ್ರಾಯಿಟ್ ಪಕ್ಕದ ವಾರನ್‌ನಲ್ಲಿ ಹುಟ್ಟಿ ಬೆಳೆದವನು. ಹತ್ತೊಂಬತ್ತಕ್ಕೆ ಒಂದು ದೊಡ್ಡ ತಂಡ ಅವನನ್ನು ಆರಿಸಿ ತನ್ನ ಮೈನರ್ ಲೀಗಿಗೆ ಹಾಕಿತು. ದೊಡ್ಡ ತಂಡಗಳ ಕೆಳಗೆ ಅವರದೇ ಸಣ್ಣ ತಂಡಗಳು ಮೆಟ್ಟಿಲು ಮೆಟ್ಟಿಲಾಗಿ ಇರುತ್ತವೆ. ಕೆಳಗಿನಿಂದ ಒಂದೊಂದೇ ಹತ್ತಬೇಕು. ಎರಡು ಬೇಸಿಗೆಯಲ್ಲಿ ಮೂರು ಮೆಟ್ಟಿಲು ಹತ್ತಿದ. ಮೂರನೆಯ ಬೇಸಿಗೆಯ ನಡುವೆ ಏನಾಯಿತೋ, ಎಲ್ಲರೂ ಅವನ ಚೆಂಡನ್ನು ಹೊಡೆಯತೊಡಗಿದರು. ಅವನ ಬಲವೆಂದರೆ ನಿಧಾನದ ಚೆಂಡು. ಕೈ ಬೀಸುವುದು ಜೋರು ಚೆಂಡಿನ ಹಾಗೆಯೇ, ಚೆಂಡು ಮಾತ್ರ ತಡವಾಗಿ ಬರುತ್ತದೆ. ಅಷ್ಟರಲ್ಲಿ ಬ್ಯಾಟು ತಿರುಗಿ ಮುಗಿದಿರುತ್ತದೆ. ಆ ಬೇಸಿಗೆಯಲ್ಲಿ ಯಾರೂ ಮೋಸ ಹೋಗಲಿಲ್ಲ. ನಿಧಾನದ ಚೆಂಡು ಬರುವುದನ್ನೇ ಕಾದು ನಿಂತು ಹೊಡೆದರು. ಆರು ವಾರ ನೋಡಿ ತಂಡ ಅವನನ್ನು ಬಿಟ್ಟುಬಿಟ್ಟಿತು. ಹೀಗೆ ತಳ್ಳಿಸಿಕೊಂಡವರಿಗೆ ದೊಡ್ಡ ತಂಡಗಳ ನಂಟಿಲ್ಲದ ಬೇರೆ ಲೀಗುಗಳಿವೆ. ಅಂಥ ಒಂದು ತಂಡ ಶಿಕಾಗೋದ ಪಶ್ಚಿಮಕ್ಕಿತ್ತು. ಅದಕ್ಕೆ ಸೇರಿದ. ಪ್ಲೇನ್‌ಫೀಲ್ಡಿನಲ್ಲಿ ಯಾರದೋ ಮನೆಯ ಬೇಸ್‌ಮೆಂಟಿನಲ್ಲಿ ಇರುತ್ತಿದ್ದ. ಚಳಿಗಾಲವಿಡೀ ಟೈರ್ ಅಂಗಡಿಯಲ್ಲಿ ಎಡಗೈಯಿಂದ ಕೆಲಸ ಮಾಡಿ, ಸಂಜೆ ಲೊಂಬಾರ್ಡಿನ ಒಂದು ಗೋದಾಮಿನಲ್ಲಿ ಬಲೆಗೆ ಎಸೆಯುತ್ತಿದ್ದ.

“ಕೈ ಕೆಟ್ಟಿದ್ರ ಒಪ್ಪತಿದ್ದೆ,” ಅನ್ನುತ್ತಿದ್ದ. “ಕೈ ಕೆಟ್ಟಿರಲಿಲ್ಲ. ಮೊದಲಿಗಿಂತ ಚಲೋ ಎಸೀತಿದ್ದೆ. ಯಾಕ ಹೊಡದ್ರು ಅಂತ ಗೊತ್ತಾಗೂತನಕ ನಾ ಈ ಆಟ ಬಿಡೂದಿಲ್ಲ.”

ಅವನಿಗೆ ಮರೆವು ಎಂಬುದಿರಲಿಲ್ಲ. ಮೂರು ವರ್ಷದ ಹಿಂದೆ ಯಾವ ಊರಲ್ಲಿ, ಎಷ್ಟನೆಯ ಚೆಂಡಿಗೆ, ಯಾರು ಹೊಡೆದರು, ಹೊಡೆದವನು ಓಡುತ್ತ ತನ್ನ ಕಡೆ ಹೇಗೆ ನೋಡಿದ ಎಂಬುದನ್ನೆಲ್ಲ ಹೇಳುತ್ತಿದ್ದ. ಒಮ್ಮೆ ಇವನು ಕಾರು ಅಡ್ಡ ನಿಲ್ಲಿಸಿದ್ದಕ್ಕೆ ಪಕ್ಕದ ಅಂಗಡಿಯವನು ಏನೋ ಅಂದ. ಒಂದು ವರ್ಷದ ಮೇಲೆ ಅದೇ ಮನುಷ್ಯ ಹಿಮದಲ್ಲಿ ಕಾರು ಸಿಕ್ಕಿಹಾಕಿಕೊಂಡು ತಳ್ಳಲು ಸಹಾಯ ಕೇಳಿದಾಗ ಇವನು ಅವನ ಪಕ್ಕದಲ್ಲೇ ನಿಂತು, ಕೈ ಕಟ್ಟಿಕೊಂಡು, ಅವನು ಪಾಡುಪಡುವುದನ್ನು ಕೊನೆಯವರೆಗೂ ನೋಡಿದ. ಆಮೇಲೆ ಒಳಗೆ ಬಂದು ಚಹಾ ಕುಡಿದ.

ನನ್ನ ಹೆಂಡತಿ ಮತ್ತು ಮಗಳು ಇಲ್ಲಿಗೆ ಬಂದದ್ದು ಎರಡು ಸಾವಿರನೇ ಇಸವಿಯಲ್ಲಿ. ಅಂಗಡಿಗೆ ಊಟ ತಂದಾಗ ಹೆಂಡತಿ ಇವನನ್ನು ಕಂಡಳು. ಪಿಚರ್‌ಗಳು ಬೆರಳು ಗಟ್ಟಿಯಾಗಲೆಂದು ಬಕೆಟ್ಟಿನಲ್ಲಿ ಅಕ್ಕಿ ತುಂಬಿ ಅದರೊಳಗೆ ಮುಷ್ಟಿ ತಿರುವುತ್ತಾರೆ. ಇವನ ಕಾರಿನಲ್ಲಿ ಅಂಥದೊಂದು ಬಕೆಟ್ ಸದಾ ಇರುತ್ತಿತ್ತು.

“ಆ ಅಕ್ಕಿ ಆಮ್ಯಾಲೆ ಏನ ಮಾಡ್ತಾನಂತ ಕೇಳ್ರಿ,” ಅಂದಳು.

ಕೇಳಿದೆ. ಚೆಲ್ಲುತ್ತೇನೆ ಎಂದ. ಅವಳು ಒಂದು ವಾರ ಅವನ ಮುಖ ನೋಡಲಿಲ್ಲ. ಆಮೇಲೆ ತಾನೇ ಹತ್ತು ಪೌಂಡು ನುಚ್ಚು ತಂದು ಅವನ ಕಾರಿನಲ್ಲಿಟ್ಟು, ಮೊದಲಿನ ಅಕ್ಕಿ ಎತ್ತಿಕೊಂಡು ಹೋಗಿ ಹಕ್ಕಿಗೆ ಹಾಕಿದಳು. ಅಂದಿನಿಂದ ಅವಳಿಗೆ ಅವನು ನುಚ್ಚಿನವನು.

ಅದೇ ವರ್ಷ ಆಟದ ಕಾಲ ಮುಗಿದ ಮೇಲೆ ಗ್ಲೌಸು ಮತ್ತೆ ರಿಪೇರಿಗೆ ಬಂತು. ಪ್ರತಿ ಸಲವೂ ಕಿರುಬೆರಳ ಕಡೆಯ ಲೇಸು, ಅಂದರೆ ಹೊಲಿಗೆಯ ಚರ್ಮದ ದಾರ, ಮಾತ್ರ ಜಗ್ಗಿ ಸಡಿಲಾಗಿರುತ್ತಿತ್ತು. ಚೆಂಡು ಹಿಡಿದು ಸವೆದರೆ ಸವೆಯಬೇಕಾದ್ದು ಹೆಬ್ಬೆರಳ ಕಡೆಯ ಜಾಳಿಗೆ. ಇದು ಒಳಗಿನಿಂದ ತಳ್ಳಿ ತಳ್ಳಿ ಜಗ್ಗಿದ್ದು. ಹಳೇ ಗಾದಿ ಬಿಚ್ಚಿದಾಗ ನಮ್ಮಪ್ಪ ಹತ್ತಿ ಎಲ್ಲಿ ಕುಸಿದಿದೆ ಎಂದು ನೋಡಿ, ಮಲಗುವವನಿಗೆ ಯಾವ ಮಗ್ಗುಲು ನೋವಿದೆ ಎಂದು ಹೇಳುತ್ತಿದ್ದ. ನಾನು ಆ ಲೇಸನ್ನು ಬೆರಳಲ್ಲಿ ಹಿಡಿದು ಕೇಳಿದೆ.

“ಇಲ್ಲಿ ಏನ ಮಾಡ್ತಿ ನೀನು?”

“ಏನೂ ಇಲ್ಲ.”

“ಹಾಕ್ಕೊಂಡು ತೋರಸು. ಜೋರು ಚೆಂಡು ಎಸಿಯೂ ಹಂಗ ಮಾಡು. ಈಗ ನಿಧಾನದ್ದು ಮಾಡು.”

ಎಸೆಯುವ ಮೊದಲು ಪಿಚರ್ ಚೆಂಡನ್ನೂ ಬಲಗೈಯನ್ನೂ ಎಡಗೈಯ ಗ್ಲೌಸಿನೊಳಗೆ ಮುಚ್ಚಿಟ್ಟುಕೊಳ್ಳುತ್ತಾನೆ, ಹೇಗೆ ಹಿಡಿದಿದ್ದಾನೆಂದು ಕಾಣಬಾರದೆಂದು. ಜೋರು ಚೆಂಡಿಗೆ ಎರಡು ಬೆರಳು ಸಾಕು. ಗ್ಲೌಸು ಮುಚ್ಚಿಯೇ ಇತ್ತು. ನಿಧಾನದ ಚೆಂಡನ್ನು ಅಂಗೈ ತುಂಬ ತುರುಕಿಕೊಳ್ಳಬೇಕು. ಹಾಗೆ ತುರುಕುವಾಗ ಎಡಗೈಯ ಕಿರುಬೆರಳು ತಾನಾಗಿ ಅಗಲವಾಯಿತು, ಗ್ಲೌಸಿನ ಆ ಅಂಚು ಕೋಳಿ ರೆಕ್ಕೆ ಎತ್ತಿದಂತೆ ಒಂದಿಷ್ಟು ಎದ್ದಿತು.

“ಇನ್ನೊಮ್ಮಿ ಮಾಡು. ಹೇಳಬ್ಯಾಡ, ಬರೇ ಮಾಡು.”

ಅವನು ಮಾಡಿದ. ನಾನು ನಿಧಾನ ಎಂದೆ. ಜೋರು ಎಂದೆ. ಮತ್ತೆ ಜೋರು. ನಿಧಾನ. ಎಂಟು ಸಲ ಮಾಡಿದ, ಎಂಟೂ ಸಲ ಸರಿಯಾಗಿ ಹೇಳಿದೆ. ಬೇಸ್‌ಬಾಲ್ ಆಟವನ್ನು ಒಮ್ಮೆಯೂ ಪೂರ್ತಿ ನೋಡದ ನಾನು ಹೇಳಿದೆ.

ಗಿರಾಕಿಗಳು ಬೂಟು ಹಾಕಿಕೊಳ್ಳಲು ಕೂರುವ ಸ್ಟೂಲಿನ ಮೇಲೆ ಅವನು ಕೂತುಬಿಟ್ಟ. ಮುಖ ಬಿಳಚಿಕೊಂಡಿತ್ತು.

“ಇಷ್ಟ ಸಣ್ಣದು ಯಾರಿಗೆ ಕಾಣಬೇಕು, ಬಿಡು,” ಅಂದೆ.

“ದಿನಾ ಎದುರಿಗೆ ಕುಂತಾವಗ ಕಾಣ್ತೈತಿ,” ಅಂದ.

ಆವತ್ತು ತನ್ನ ಹಳೇ ಕ್ಯಾಚರ್‌ನ ವಿಷಯ ಮೊದಲ ಸಲ ಬಾಯಿಬಿಟ್ಟ. ಮೆಟ್ಟಿಲು ಹತ್ತುವ ಕಾಲದಲ್ಲಿ ಇಬ್ಬರೂ ಒಂದೇ ತಂಡ, ಒಂದೇ ರೂಮು. ಒಂದೇ ಕಾರಿನಲ್ಲಿ ಹೋಗಿ ಬರುತ್ತಿದ್ದರು. ಇವನ ತಾಯಿ ಕಳಿಸಿದ ಸ್ವೆಟರನ್ನು ಅವನು ಹಾಕಿಕೊಳ್ಳುತ್ತಿದ್ದ. ಮೂರನೆಯ ಬೇಸಿಗೆಯಲ್ಲಿ ಕ್ಯಾಚರ್‌ನನ್ನು ಬೇರೆ ತಂಡಕ್ಕೆ ಕೊಟ್ಟರು. ಹೊರಡುವ ದಿನ ಚೀಲ ಕಟ್ಟುತ್ತ ಅವನು, “ಈ ಲೀಗಿನ್ಯಾಗ ನಿನ್ನ ಎಲ್ಲಾರಿಗಿಂತ ಚಲೋ ಹೊಡಿಯಾಂವ ನಾನ,” ಎಂದಿದ್ದನಂತೆ. ತಮಾಷೆ ಎಂದು ಇವನೂ ತೋಳಿಗೆ ಗುದ್ದಿ ಬೀಳ್ಕೊಟ್ಟಿದ್ದ. ಎರಡು ವಾರ ಕಳೆದ ಮೇಲೆ ಹೊಡೆತ ಶುರುವಾಯಿತು.

ಮರುದಿನ ಅವನು ಆ ಇನ್ನೊಂದು ತಂಡದಲ್ಲಿದ್ದ ಹಳೇ ಆಟಗಾರನೊಬ್ಬನಿಗೆ ಫೋನ್ ಮಾಡಿದ. ಅದೂ ನನ್ನ ಅಂಗಡಿಯಿಂದಲೇ. ಮಾತು ಎರಡು ನಿಮಿಷದಲ್ಲಿ ಮುಗಿಯಿತು.

“ಬಸ್ಸಿನ್ಯಾಗ ಎಲ್ಲಾರಿಗೂ ಹೇಳಿದ್ನಂತ. ಕೈ ನೋಡಬ್ಯಾಡ್ರಿ, ಚೆಂಡು ನೋಡಬ್ಯಾಡ್ರಿ, ಬರೇ ಗ್ಲೌಸ್ ನೋಡ್ರಿ ಅಂದನಂತ. ಆಮ್ಯಾಲೆ ಅವರಿಂದ ಇವರಿಗೆ, ಇವರಿಂದ ಇನ್ನೊಬ್ಬರಿಗೆ.”

“ಅವನೂ ಬ್ಯಾರೆ ಟೀಮಿಗೆ ಹೋಗಿದ್ದನಲ್ಲ,” ಅಂದೆ. “ಅವರ ಕೂಳು ತಿನ್ನಾಂವ ಅವರಿಗೇ ಹೇಳ್ತಾನ.”

“ಹೋದ ಮ್ಯಾಲೆ ಹೇಳಿದ್ದಕ್ಕ ನನ್ನ ಸಿಟ್ಟಿಲ್ಲ. ಎರಡ ವರ್ಷ ಒಂದ ರೂಮಿನ್ಯಾಗ ಮಲಗಿ, ಗೊತ್ತಿದ್ದೂ ನನಗ ಹೇಳಲಿಲ್ಲಲ್ಲ. ಅದಕ್ಕ.”

ಆ ಮಾತು ನನ್ನನ್ನು ಎಲ್ಲಿ ತಟ್ಟಬೇಕೋ ಅಲ್ಲಿ ತಟ್ಟಿತು. ಯಾರಿಗೂ ಹೇಳದ್ದನ್ನು ಆವತ್ತು ಅವನಿಗೆ ಹೇಳಿದೆ. ನನ್ನನ್ನು ಅಮೆರಿಕಕ್ಕೆ ಕರೆಸಿದವನು ದೊಡ್ಡಪ್ಪನ ಮಗ, ನನ್ನ ಅಣ್ಣ. ಮೊದಲು ನಾನು ದುಡಿದದ್ದು ಅವನ ಅಂಗಡಿಯಲ್ಲೇ. ಹೆಂಡತಿ ಮತ್ತು ಹುಟ್ಟಿದ ಕೂಸನ್ನು ಕರೆಸುವ ಕಾಗದ ಪತ್ರ ತಾನೇ ನೋಡಿಕೊಳ್ಳುತ್ತೇನೆ ಎಂದು ಎಲ್ಲ ಇಸಿದುಕೊಂಡ. ಪ್ರತಿ ತಿಂಗಳು ಕೇಳುತ್ತಿದ್ದೆ. “ಅಪ್ಲೈ ಮಾಡೇನೋ ತಮ್ಮಾ, ಲಾಯರ್ ಹತ್ರ ಐತಿ, ಗಡಿಬಿಡಿ ಮಾಡಿದ್ರ ಕೆಟ್ಟಹೋಗ್ತೈತಿ,” ಅನ್ನುತ್ತಿದ್ದ. ಎರಡೂವರೆ ವರ್ಷ ಕಾದು ನಾನೇ ಲಾಯರ್ ಆಫೀಸಿಗೆ ಹೋದೆ. ಅಲ್ಲಿ ನನ್ನ ಹೆಸರಿನ ಒಂದು ಕಾಗದವೂ ಇರಲಿಲ್ಲ. ಅವು ಅಣ್ಣನ ಅಂಗಡಿಯ ಕಪಾಟಿನಲ್ಲೇ ಇದ್ದವು. ಸಂಸಾರ ಬಂದರೆ ನಾನು ಬೇರೆ ಅಂಗಡಿ ಹಾಕುತ್ತೇನೆ ಎಂಬ ಭಯ ಅವನಿಗೆ. ಅಷ್ಟರಲ್ಲಿ ಊರಲ್ಲಿ ನನ್ನ ಮಗಳು ನಡೆಯಲು ಕಲಿತಳು, ಮಾತು ಕಲಿತಳು, ಅಪ್ಪ ಎಂದರೆ ಫೋನು ಎಂದು ತಿಳಿದಳು. ಆಮೇಲೆ ನಾನೇ ಕಾಗದ ಹಾಕಿದೆ, ಅದಕ್ಕೂ ಕಾಲ ಹಿಡಿಯಿತು. ಅವಳು ಕಡೆಗೂ ಏರ್‌ಪೋರ್ಟಿನಲ್ಲಿ ನನ್ನನ್ನು ಕಂಡಾಗ ತಾಯಿಯ ಸೀರೆಯ ಹಿಂದೆ ಹೋದಳು. ಈಗಲೂ ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ತಾಯಿಯ ಮುಖ ನೋಡುತ್ತಾಳೆ.

ಅವನು ಅಲುಗಾಡದೆ ಕೇಳಿದ.

“ನೀವು ಅವಗ ಏನ ಮಾಡಿದ್ರಿ?”

“ಏನ ಮಾಡಾಕ ಬರ್ತೈತಿ? ನಮ್ಮವನ. ಬ್ಯಾರೆ ಅಂಗಡಿ ಹಾಕ್ಕೊಂಡೆ.”

“ಅವಗ ಏನಾತು?”

“ಏನೂ ಆಗಲಿಲ್ಲ. ಈದ್‌ಗೆ ಮನಿಗೆ ಬರ್ತಾನ. ನನ್ನ ಮಗಳಿಗೆ ಚಾಕ್ಲೇಟ್ ತರ್ತಾನ.”

“ನೀವು ಅದನ್ನ ಇಸ್ಕೋತೀರಿ?”

ಅವನು ಎದ್ದು ಗ್ಲೌಸನ್ನು ನನ್ನ ಮುಂದೆ ತಳ್ಳಿದ.

“ಇದು ತಾನಾಗಿ ತೆರೀಬಾರದು,” ಅಂದ. “ನಾ ತೆರಿ ಅಂದ್ರ ಮಾತ್ರ ತೆರೀಬೇಕು. ಆಗ್ತೈತೇನು?”

ಯಾಕೆ ಎಂದು ನಾನು ಕೇಳಲಿಲ್ಲ. ಗೊತ್ತಾಗಿತ್ತು. ಜೋರು ಚೆಂಡು ಹಿಡಿದು ಗ್ಲೌಸು ತೆರೆದರೆ, ಆ ಗುಟ್ಟು ಬಲ್ಲ ಬ್ಯಾಟಿನವನು ನಿಧಾನದ್ದೆಂದು ನಂಬಿ ಮುಂದಕ್ಕೆ ವಾಲಿ ನಿಲ್ಲುತ್ತಾನೆ. ಹಾಗೆ ವಾಲಿದವನ ಮೈಗೆ ಗಂಟೆಗೆ ತೊಂಬತ್ತು ಮೈಲಿಯಲ್ಲಿ ಚೆಂಡು ಬಂದರೆ ತಪ್ಪಿಸಿಕೊಳ್ಳಲು ವೇಳೆ ಇರುವುದಿಲ್ಲ. ಇದೆಲ್ಲ ತಿಳಿದೇ ನಾನು ದಬ್ಬಣ ಎತ್ತಿಕೊಂಡೆ. ಕಿರುಬೆರಳ ಅಂಚನ್ನು ಬಿಚ್ಚಿ, ಒಳಗೆ ಬೂಟಿನ ಅಡಿಗೆ ಹಾಕುವ ದಪ್ಪ ಚರ್ಮದ ಪಟ್ಟಿ ಕೂರಿಸಿ, ಮೇಲೆ ಹೊಸ ಲೇಸು ಬಿಗಿದೆ. ಬೇಕೆಂದೇ ಕಿರುಬೆರಳಿಂದ ಒತ್ತಿದರೆ ಮಾತ್ರ ಅಂಚು ಏಳುವ ಹಾಗೆ. ನಾನು ಮಾಡಿದ ಕೆಲಸಗಳಲ್ಲಿ ಅಷ್ಟು ಚೊಕ್ಕವಾದದ್ದು ಇನ್ನೊಂದಿಲ್ಲ.

ಆ ಚಳಿಗಾಲವಿಡೀ ವಾರಕ್ಕೆ ಎರಡು ದಿನ ಮಧ್ಯಾಹ್ನ, ಗಿರಾಕಿ ಇಲ್ಲದಾಗ, ಅವನು ಅಂಗಡಿಯ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ. ನಾನು ಕೊಡೆ ಹಿಡಿದು ಬ್ಯಾಟಿನವನಾಗಿ ಎದುರು ನಿಲ್ಲುತ್ತಿದ್ದೆ.

“ಈಗ?”

“ನಿಧಾನ.”

“ತಪ್ಪು.”

ಜನವರಿಯಲ್ಲಿ ಹತ್ತಕ್ಕೆ ಏಳು ಸಲ ನನಗೆ ಗೊತ್ತಾಗುತ್ತಿತ್ತು. ಮಾರ್ಚಿನ ಹೊತ್ತಿಗೆ ಒಂದೂ ಗೊತ್ತಾಗುತ್ತಿರಲಿಲ್ಲ. ಆಡುತ್ತಾಡುತ್ತ ನನ್ನ ಕೈಯೂ ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಅಂಥ ಹೊತ್ತಿನಲ್ಲಿ ನನ್ನ ಕಣ್ಣ ಮುಂದೆ ಯಾರಿರುತ್ತಿದ್ದರೆಂದು ಬಿಡಿಸಿ ಹೇಳಬೇಕಿಲ್ಲ.

ಮುಂದಿನ ಬೇಸಿಗೆ ಅವನು ಆ ಲೀಗಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಎಸೆದ. ಗ್ಲೌಸು ಮುಚ್ಚಿದ್ದೇ ಸಾಕಾಯಿತು. ನಿಧಾನದ ಚೆಂಡಿಗೆ ಜನ ಮತ್ತೆ ಮೋಸ ಹೋದರು. ಬೇರೆ ಯಾರಿಗಾದರೂ ಅಷ್ಟರಲ್ಲಿ ಸಿಟ್ಟು ಇಳಿದಿರುತ್ತಿತ್ತು. ಇವನು ಗ್ಲೌಸು ತೆರೆಯುವ ಆ ವಿದ್ಯೆಯನ್ನು ಒಬ್ಬನಿಗಾಗಿ ಎತ್ತಿಟ್ಟಿದ್ದ. ಕ್ಯಾಚರ್ ಅಷ್ಟರಲ್ಲಿ ತಾನೂ ಮೆಟ್ಟಿಲು ಜಾರಿ, ಇದೇ ಲೀಗಿನಲ್ಲಿ ಡೆಟ್ರಾಯಿಟ್‌ನ ಉತ್ತರಕ್ಕಿರುವ ಒಂದು ತಂಡಕ್ಕೆ ಬಂದಿದ್ದ. ಆಗಸ್ಟಿನಲ್ಲಿ ಅಲ್ಲಿ ಆಟ ಗೊತ್ತಾಯಿತು. ಅವನು ಬಂದು ಟಿಕೆಟ್ ಕೊಟ್ಟ.

“ಬರ್ರಿ,” ಅಂದ, ಅಷ್ಟೇ.

“ಮೂರ ತಾಸಿನ ಆಟಕ್ಕ ಐದ ತಾಸು ಡ್ರೈವ್ ಮಾಡ್ಕೊಂಡು ಹೊಂಟೀರಿ,” ಅಂದಳು ಹೆಂಡತಿ. “ನುಚ್ಚಿನಾಂವ ಏನರ ಕೊಡ್ತಾನೇನು?”

“ಬರೇ ನೋಡಿ ಬರ್ತೀನಿ.”

ಅಂಗಡಿ ತೆರೆಯದೆ ಬೆಳಗಿನ ಜಾವವೇ ಐ-94 ಹೆದ್ದಾರಿ ಹಿಡಿದು ಹೋದೆ. ದಾರಿಯಲ್ಲಿ ಕಲಮಜೂ ಎಂಬ ಊರಲ್ಲಿ ಒಂದು ಕಡೆ ನಿಲ್ಲಿಸಿ ನಮಾಜು ಮಾಡಿದೆ. ಏನು ಬೇಡಿಕೊಂಡೆ ಎಂದು ಬರೆಯುವುದಿಲ್ಲ.

ಮಧ್ಯಾಹ್ನದ ಆಟ. ಸಣ್ಣ ಮೈದಾನ, ಎರಡು ಸಾವಿರ ಜನ ಇರಬಹುದು. ಕ್ಯಾಚರ್ ಬ್ಯಾಟು ಹಿಡಿದು ಬಂದಾಗ ಮೊದಲ ಸಲ ಅವನನ್ನು ಕಂಡೆ. ಗಿಡ್ಡ, ಗುಂಡಗಿನ ಮುಖ. ಬಂದವನು ಹಳೇ ಗೆಳೆಯನಿಗೆ ಟೊಪ್ಪಿಗೆ ಮುಟ್ಟಿ ಸಲಾಮು ಮಾಡಿದ. ಇವನು ಮಾಡಲಿಲ್ಲ. ಗ್ಲೌಸಿನ ಅಂಚು ಎದ್ದಿತು. ಬ್ಯಾಟಿನವನ ಮೈ ನಿಧಾನದ ಚೆಂಡಿಗೆ ಸಡಿಲಾದದ್ದು ನನಗೆ ಕೂತಲ್ಲಿಂದಲೇ ಕಂಡಿತು. ಬಂದದ್ದು ಜೋರು ಚೆಂಡು. ಬ್ಯಾಟು ಎತ್ತುವಷ್ಟರಲ್ಲಿ ಅದು ಆಚೆ ಸೇರಿತ್ತು. ಮೂರು ಚೆಂಡು ತಪ್ಪಿದರೆ ಔಟು, ಮೂರೂ ಹಾಗೇ. ಔಟಾಗಿ ಹೋಗುವಾಗ ಅವನು ತಿರುಗಿ ತಿರುಗಿ ಗ್ಲೌಸನ್ನೇ ನೋಡಿದ.

ಈ ಆಟದಲ್ಲಿ ಔಟಾದವನಿಗೂ ಸರದಿ ಮತ್ತೆ ಬರುತ್ತದೆ. ಎರಡನೆಯ ಸಲ ಬಂದಾಗ ಅಂಚು ಎದ್ದರೆ ಜೋರು ಎಂದು ಲೆಕ್ಕ ಹಾಕಿಕೊಂಡು ಬಂದಿದ್ದ. ಆಗ ಇವನು ಅಂಚು ಎತ್ತಿ ನಿಧಾನದ್ದನ್ನೇ ಎಸೆದ. ಅವನ ಬ್ಯಾಟು ಚೆಂಡು ಬರುವ ಮೊದಲೇ ತಿರುಗಿ, ಅವನು ಮಂಡಿಯೂರಿ ಬಿದ್ದ. ಜನ ನಕ್ಕರು. ಅವನಿಗೆ ಎಲ್ಲ ತಿಳಿದುಹೋಗಿತ್ತು. ಎದ್ದು ಮಣ್ಣು ಕೊಡವಿಕೊಳ್ಳುವಾಗ ಮುಖ ಕೆಂಪಾಗಿತ್ತು.

ಅಲ್ಲಿಗೆ ಲೆಕ್ಕ ಸರಿಹೋಗಿತ್ತು. ನಾನು ಎದ್ದು ಬರಬಹುದಿತ್ತು. ನಾನು ಏಳಲಿಲ್ಲ, ಇವನೂ ನಿಲ್ಲಿಸಲಿಲ್ಲ.

ಮೂರನೆಯ ಸಲ ಅವನು ಗ್ಲೌಸು ನೋಡುವುದನ್ನೇ ಬಿಟ್ಟು ಇವನ ಮುಖ ನೋಡುತ್ತ ನಿಂತ. ಏನೋ ಕೇಳುವವನ ಹಾಗೆ. ಇವನು ತನ್ನ ಈಗಿನ ತಂಡದ ಕ್ಯಾಚರ್ ಕೊಟ್ಟ ಸನ್ನೆಗೆ ತಲೆ ಅಲ್ಲಾಡಿಸಿ ಬೇಡವೆಂದ. ಮತ್ತೊಂದು ಸನ್ನೆಗೂ ಬೇಡವೆಂದ. ಆಮೇಲೆ ಗ್ಲೌಸು ಪೂರ್ತಿ ತೆರೆಯಿತು, ಇಪ್ಪತ್ತನೇ ಸಾಲಿನಲ್ಲಿ ಕೂತವನಿಗೂ ಕಾಣುವಷ್ಟು. ಚೆಂಡು ನೇರವಾಗಿ ಬ್ಯಾಟು ಹಿಡಿದ ಕೈಗಳಿಗೆ ಹೋಯಿತು. ಹಸಿ ಚರ್ಮವನ್ನು ಕಲ್ಲಿನ ಮೇಲೆ ಬಡಿದಂಥ ಸದ್ದು. ಅವನು ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು ಕುಸಿದ. ಮೈದಾನ ಪೂರ್ತಿ ಸುಮ್ಮನಾಯಿತು.

ಆ ಮೌನದಲ್ಲಿ ಒಬ್ಬನೇ ಒಬ್ಬ ಚಪ್ಪಾಳೆ ತಟ್ಟುತ್ತಿದ್ದ. ಅದು ನಾನೇ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಎದ್ದು ನಿಂತಿದ್ದೆ. ಮುಂದಿನ ಸಾಲಿನ ಮುದುಕಿಯೊಬ್ಬಳು ಹಿಂತಿರುಗಿ, “ನಾಚಿಕಿ ಆಗಬೇಕು ನಿನಗ,” ಎಂದಳು. ಕೂತೆ. ಆದರೆ ನಾಚಿಕೆ ಆಗಲಿಲ್ಲ. ಎಷ್ಟೋ ವರ್ಷದಿಂದ ಎದೆಯ ಮೇಲಿದ್ದ ಭಾರ ಇಳಿದ ಹಾಗಿತ್ತು.

ಆಟ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ಇವನು ನನ್ನ ಕಾರಿಗೊರಗಿ ನಿಂತು ನನ್ನ ಹೆಂಡತಿ ಕಟ್ಟಿಕೊಟ್ಟ ಚಪಾತಿ ಪಲ್ಯ ಪೂರ್ತಿ ತಿಂದ. ಕ್ಯಾಚರ್‌ನ ಮಣಿಕಟ್ಟು ಮೂರು ಕಡೆ ಮುರಿದಿದೆ ಎಂದು ಅಷ್ಟರಲ್ಲಿ ಸುದ್ದಿ ಬಂದಿತ್ತು.

“ಎರಡ ಸಲ ಔಟ್ ಮಾಡಿದ್ದು ಸಾಕಾಗಲಿಲ್ಲೇನು?” ಎಂದು ಕೇಳಿದೆ. ಬಯ್ಯಲು ಕೇಳಿದ್ದಲ್ಲ. ಅವನ ಬಾಯಿಂದ ಕೇಳಬೇಕಿತ್ತು.

“ಎರಡ ಸಲ ಬರೇ ನಾಚಿಕಿ ಆತು ಅವಗ,” ಅಂದ. “ನಾಚಿಕಿ ಒಂದ ವಾರದಾಗ ಮರೀತೈತಿ.”

ಬ್ಯಾಟಿನವನ ಹಿಂದಿನ ಸಾಲಿನಲ್ಲಿ ಆವತ್ತು ದೊಡ್ಡ ತಂಡಗಳಿಗೆ ಆಟಗಾರರನ್ನು ಹುಡುಕುವ ಒಬ್ಬ ಚೆಂಡಿನ ವೇಗ ಅಳೆಯುವ ಗನ್ ಹಿಡಿದು ಕೂತಿದ್ದ. ಅವನಿಗೆ ಬೇಕಾದ್ದು ವೇಗ, ಅದು ಯಾರ ಕೈ ಮುರಿಯಿತು ಎಂಬುದಲ್ಲ. ಮುಂದಿನ ವಸಂತದಲ್ಲಿ ಒಂದು ದೊಡ್ಡ ತಂಡದವರು ಇವನನ್ನು ತಮ್ಮ ಮೆಟ್ಟಿಲಿಗೆ ಮತ್ತೆ ಸೇರಿಸಿಕೊಂಡರು. ಎರಡು ವರ್ಷದಲ್ಲಿ ಅವನು ತುದಿಗೆ ಒಂದೇ ಮೆಟ್ಟಿಲು ಬಾಕಿ ಎಂಬಲ್ಲಿಗೆ ಹೋದ. ಒಂದು ದಿನ ಮ್ಯಾನೇಜರ್ ಕರೆದು, ಚೀಲ ಕಟ್ಟು, ನಾಳೆ ದೊಡ್ಡ ತಂಡಕ್ಕೆ ಹೋಗುತ್ತೀ ಎಂದನಂತೆ. ತಾಯಿಗೆ ಫೋನ್ ಮಾಡಿದ, ನನಗೂ ಮಾಡಿದ. ಬೆಳಿಗ್ಗೆ ಏರ್‌ಪೋರ್ಟಿಗೆ ಹೊರಟು ನಿಂತಾಗ, ದೊಡ್ಡ ತಂಡದಲ್ಲಿ ಗಾಯಗೊಂಡಿದ್ದ ಪಿಚರ್ ಚೇತರಿಸಿಕೊಂಡಿದ್ದಾನೆ, ನೀನು ಬೇಡ ಎಂದರು. ಇದನ್ನು ಹೇಳುವಾಗ ಅವನ ದನಿಯಲ್ಲಿ ಏನೂ ಇರಲಿಲ್ಲ. ಬಯ್ಯಲು ಒಬ್ಬ ಮನುಷ್ಯ ಸಿಗದೆ ಕಂಗಾಲಾದವನಂತೆ ಕೇಳಿಸಿತು. ಮತ್ತೆ ಕರೆ ಬರಲಿಲ್ಲ. ಮುಂದಿನ ಬೇಸಿಗೆ ಭುಜ ಕೈಕೊಟ್ಟಿತು. ಎರಡು ಸಾವಿರದ ಐದರಲ್ಲಿ ಆಟ ಬಿಟ್ಟು ಊರಿಗೆ ಹೋಗಿ, ಹಳೇ ಕಾರ್ಖಾನೆಯೊಂದರಲ್ಲಿ ಎಸೆಯುವುದನ್ನು ಕಲಿಸುವ ಶಾಲೆ ತೆರೆದ. ಮದುವೆಯಾಯಿತು. ಫೋನು ಕಡಿಮೆಯಾಯಿತು.

ಅದಾಗಿ ಮೂರು ವರ್ಷದ ಮೇಲೆ, ಒಂದು ಶನಿವಾರ, ಅಂಗಡಿಯ ಬಾಗಿಲು ತೆರೆದು ಇಬ್ಬರು ಒಳಗೆ ಬಂದರು. ಮುಂದಿದ್ದವನು ಇವನು. ಮೈ ತುಂಬಿಕೊಂಡಿತ್ತು, ನಗುತ್ತಿದ್ದ. ಹಿಂದಿದ್ದವನನ್ನು ಮುಖದಿಂದ ಗುರುತಿಸಲಿಲ್ಲ, ಹೊಟ್ಟೆಗೆ ಆತುಕೊಂಡಿದ್ದ ಬಲಗೈಯಿಂದ ಗುರುತಿಸಿದೆ.

“ಈಗ ನನ್ನ ಶಾಲಿಯಾಗ ಕ್ಯಾಚರ್ ಇವನ,” ಅಂದ.

ನನ್ನ ಮುಖ ನೋಡಿ ತಾನೇ ವಿವರಿಸಿದ. ಒಂದು ದಿನ ಶಾಲೆ ಮುಚ್ಚುವ ಹೊತ್ತಿಗೆ ಕ್ಯಾಚರ್ ಬಂದನಂತೆ. ಏನೂ ಮಾತಾಡದೆ ಎಡಗೈಗೆ ಗ್ಲೌಸು ಹಾಕಿ ಕುಕ್ಕರುಗಾಲಲ್ಲಿ ಕೂತು, ಎಸೆ ಎಂದು ಸನ್ನೆ ಮಾಡಿದ. ಇವನು ಎಸೆದ. ಹಿಡಿದದ್ದನ್ನು ವಾಪಸು ಎಸೆಯಲು ಅವನ ಬಲ ಮಣಿಕಟ್ಟು ತಿರುಗುವುದಿಲ್ಲ. ಅದಕ್ಕೆ ಚೆಂಡನ್ನು ನೆಲದ ಮೇಲೆ ಉರುಳಿಸಿದ. ಇವನು ಬಗ್ಗಿ ಎತ್ತಿಕೊಂಡು ಮತ್ತೆ ಎಸೆದ. ಅದು ಮತ್ತೆ ಉರುಳಿಕೊಂಡು ಬಂತು. ಹೀಗೆ ಒಂದು ತಾಸು.

“ನೂರ ಸಲ ಬಗ್ಗೇನಿ,” ಅಂದ. “ಆಮ್ಯಾಲೆ ಇಬ್ಬರೂ ಊಟಕ್ಕ ಹೋದ್ವಿ.”

“ಆ ಗುಟ್ಟು ನಾನ ಇಟ್ಕೊಂಡಿದ್ದೆ,” ಎಂದ ಕ್ಯಾಚರ್, ನನ್ನನ್ನೇ ನೋಡುತ್ತ. “ಇವನು ಮ್ಯಾಲೆ ಹೋಗ್ತಾನ, ನಾ ಉಳೀತೀನಿ ಅಂತ ಗೊತ್ತಿತ್ತು. ಮುಂದ ಬೇಕಾದೀತು ಅಂತ ಇಟ್ಕೊಂಡಿದ್ದೆ. ಅದಕ್ಕ ಇವನು ನನಗ ಯಾಕ ಹೊಡದ ಅಂತ ನನಗ ಗೊತ್ತೈತಿ. ನೀವು ಯಾಕ ಚಪ್ಪಾಳಿ ತಟ್ಟಿದ್ರಿ?”

ಅವನು ಬಿದ್ದಲ್ಲಿಂದ ನನ್ನನ್ನು ನೋಡಿದ್ದ. ಅಷ್ಟು ನೋವಿನಲ್ಲೂ ನೋಡಿದ್ದ. ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ.

“ಅದು ನಿಮ್ಮ ಕೈ ಅಂತ ನನಗ ಕಾಣಲಿಲ್ಲ,” ಎಂದೆ. “ಬ್ಯಾರೇದವನ ಕೈ ಕಂಡಿತ್ತು.”

“ಅವನ ಕೈ ಹೆಂಗೈತಿ ಈಗ?”

“ಚಲೋ ಐತಿ.”

ಅವನು ತಲೆದೂಗಿದ. ಊಟಕ್ಕೆ ಬನ್ನಿ ಎಂದು ಇಬ್ಬರೂ ಕರೆದರು. ಶನಿವಾರ, ಗಿರಾಕಿ ಜಾಸ್ತಿ, ಅಂಗಡಿ ಬಿಡಲಾಗುವುದಿಲ್ಲ ಎಂದೆ. ಅಂಗಡಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಗಾಜಿನಾಚೆ ಅವರು ಕಾರಿನ ಹತ್ತಿರ ಹೋದರು. ಕ್ಯಾಚರ್ ಬಲಗೈಯಿಂದ ಬಾಗಿಲ ಹಿಡಿಕೆ ಎಳೆಯಲು ನೋಡಿದ, ಆಗಲಿಲ್ಲ. ಇವನು ಸುತ್ತಿ ಬಂದು, ಯಾರಿಗೂ ಕೊಡುವುದಿಲ್ಲವೆಂದಿದ್ದ ಆ ಬಲಗೈಯಿಂದ ಬಾಗಿಲು ತೆಗೆದು ಹಿಡಿದು ನಿಂತ.

ಆವತ್ತು ನನಗೆ ಬಂದ ಸಿಟ್ಟು ಕ್ಯಾಚರ್ ಮೇಲಲ್ಲ, ಅಣ್ಣನ ಮೇಲೂ ಅಲ್ಲ. ಇವನ ಮೇಲೆ. ನಾವಿಬ್ಬರೂ ಸೇರಿ ಮಾಡಿದ ಕೆಲಸದಿಂದ ತಾನೊಬ್ಬನೇ ಎದ್ದು ಹೋಗಿದ್ದ. ಹೋಗುವಾಗ ಒಂದು ಮಾತು ಹೇಳಿರಲಿಲ್ಲ. ಆಮೇಲೆ ಅವನು ಎರಡು ಸಲ ಫೋನ್ ಮಾಡಿದ. ನಂಬರ್ ನೋಡಿದೆ, ಎತ್ತಲಿಲ್ಲ.